ಕಾನೂನು ಕೇಳಿ: ಟೈಮ್ಸ್ ಸ್ಕ್ವೇರ್‌ನಲ್ಲಿ ಪೊಲೀಸರೇಕೆ ಸುಮ್ಮನಿದ್ದರು?

ಪ್ರಶ್ನೆ: ಮಗಳ ಮನೆಗೆಂದು ನ್ಯೂಯಾರ್ಕ್‌ಗೆ ಹೋಗಿದ್ದಾಗ ಟೈಮ್ಸ್ ಸ್ಕ್ವೇರ್‌ನಲ್ಲಿ ತೆರೆದ ಎದೆಗೆ ಬರೀ ಬಣ್ಣ ಬಳಿದುಕೊಂಡ ಯುವತಿಯರು ಪ್ರವಾಸಿಗರೊಂದಿಗೆ ಫೋಟೊಗೆ ನಿಂತು ಹಣ ಪಡೆಯುತ್ತಿದ್ದರು. ಪಕ್ಕದಲ್ಲೇ ಇದ್ದ ಪೊಲೀಸರು ಏನೂ ಹೇಳಲಿಲ್ಲ. ಅಲ್ಲಿ ಇದಕ್ಕೆ ಕಾನೂನೇ ಇಲ್ಲವೇ? ನಮ್ಮಲ್ಲಾದರೆ ಏನಾಗುತ್ತದೆ?
– ಓದುಗರೊಬ್ಬರು, ಮೈಸೂರು

ಉತ್ತರ: ಕಾನೂನು ಇದೆ. ನ್ಯೂಯಾರ್ಕ್ ರಾಜ್ಯದ ದಂಡ ಸಂಹಿತೆಯ 245.01ನೇ ಸೆಕ್ಷನ್, ಸಾರ್ವಜನಿಕ ಸ್ಥಳದಲ್ಲಿ ಮುಚ್ಚಿರಬೇಕಾದ ಅಂಗಗಳ ಪೈಕಿ ಹೆಣ್ಣಿನ ಸ್ತನದ ತೊಟ್ಟಿನ ಭಾಗವನ್ನೂ ಸೇರಿಸುತ್ತದೆ. ಮಗುವಿಗೆ ಹಾಲೂಡಿಸುವವರಿಗೂ ಪ್ರದರ್ಶನ ನೀಡುವವರಿಗೂ ಅದರಲ್ಲೇ ವಿನಾಯಿತಿಯಿದೆ. ಓದಿದರೆ ಕಟ್ಟುನಿಟ್ಟೆನಿಸುವ ಈ ಸೆಕ್ಷನ್ ಬಳಕೆಯಲ್ಲಿ ಬಹುಮಟ್ಟಿಗೆ ಸಡಿಲವಾದದ್ದು ಒಂದು ತೀರ್ಪಿನಿಂದ. ರೊಚೆಸ್ಟರ್ ನಗರದ ಉದ್ಯಾನವೊಂದರಲ್ಲಿ ಕೆಲವು ಮಹಿಳೆಯರು, ಗಂಡಸರಿಗಿಲ್ಲದ ನಿರ್ಬಂಧ ತಮಗೇಕೆಂದು ಪ್ರತಿಭಟಿಸಿ ಎದೆ ತೆರೆದು ಕುಳಿತು ಬಂಧಿತರಾಗಿದ್ದರು. 1992ರಲ್ಲಿ ರಾಜ್ಯದ ಅತ್ಯುನ್ನತ ನ್ಯಾಯಾಲಯ ‘ಪೀಪಲ್ ವರ್ಸಸ್ ಸ್ಯಾಂಟೊರೆಲಿ’ ಪ್ರಕರಣದಲ್ಲಿ, ಕಾಮಪ್ರಚೋದನೆಯ ಉದ್ದೇಶವಾಗಲಿ ವ್ಯಾಪಾರವಾಗಲಿ ಇಲ್ಲದ ಇಂಥ ನಡೆಗೆ ಆ ಸೆಕ್ಷನ್ ಅನ್ವಯಿಸದೆಂದು ಹೇಳಿ ಅವರನ್ನು ಬಿಟ್ಟಿತು. ಲಿಂಗ ಸಮಾನತೆಯ ಪ್ರಶ್ನೆಯನ್ನು ಬಹುಮತದ ತೀರ್ಪು ಜಾಣತನದಿಂದ ಬದಿಗೆ ಸರಿಸಿತು. ಅದನ್ನು ನೇರವಾಗಿ ಎತ್ತಿಕೊಂಡವರು ಪ್ರತ್ಯೇಕ ತೀರ್ಪು ಬರೆದ ನ್ಯಾಯಮೂರ್ತಿ ಟೈಟೋನ್. ಎದೆ ತೆರೆದಿದ್ದಾಳೆಂಬ ಒಂದೇ ಕಾರಣಕ್ಕೆ ಯಾರನ್ನೂ ಬಂಧಿಸಬಾರದೆಂದು 2013ರಲ್ಲಿ ನ್ಯೂಯಾರ್ಕ್ ನಗರದ ಪೊಲೀಸರಿಗೆ ಲಿಖಿತ ಸೂಚನೆಯೂ ಹೋಯಿತು.

ನೀವು ಕಂಡ ಯುವತಿಯರು ಹಣ ಕೇಳುತ್ತಿದ್ದರೆಂಬುದು ಬೇರೆಯೇ ತಕರಾರು. 2015ರಲ್ಲಿ ಮೇಯರ್ ಮತ್ತು ಪೊಲೀಸ್ ಮುಖ್ಯಸ್ಥರೇ ಇದರ ಬಗ್ಗೆ ಕಿಡಿಕಾರಿದ್ದರೂ, ಮರುವರ್ಷ ನಗರಾಡಳಿತ ಮಾಡಿದ್ದು ಇಷ್ಟೇ: ನೆಲದ ಮೇಲೆ ಬಣ್ಣದ ಚೌಕಗಳನ್ನು ಬರೆದು, ದುಡ್ಡಿಗಾಗಿ ಫೋಟೊಗೆ ನಿಲ್ಲುವವರೆಲ್ಲ ಅದರೊಳಗೇ ವ್ಯವಹರಿಸಬೇಕೆಂದಿತು. ಮಿಕ್ಕಿ ಮೌಸ್ ವೇಷದವರಿಗೂ ಅದೇ ನಿಯಮ.

ಇದನ್ನು ಇಡೀ ಅಮೆರಿಕದ ಕಾನೂನೆಂದು ಮಾತ್ರ ಭಾವಿಸಬೇಡಿ. ನ್ಯೂ ಹ್ಯಾಂಪ್‌ಶೈರ್‌ನ ಲಕೋನಿಯಾ ಪಟ್ಟಣದ ನಿಷೇಧವನ್ನು ಅಲ್ಲಿನ ಸುಪ್ರೀಂ ಕೋರ್ಟ್ 2019ರಲ್ಲಿ ಎತ್ತಿಹಿಡಿಯಿತು. ಮರುವರ್ಷ ಅಮೆರಿಕದ ಸುಪ್ರೀಂ ಕೋರ್ಟ್ ಆ ಮೇಲ್ಮನವಿಯನ್ನು ವಿಚಾರಣೆಗೇ ತೆಗೆದುಕೊಳ್ಳಲಿಲ್ಲ.

ಇನ್ನು ನಮ್ಮಲ್ಲಿ. ಭಾರತೀಯ ನ್ಯಾಯ ಸಂಹಿತೆಯ 296ನೇ ಸೆಕ್ಷನ್ (ಹಿಂದಿನ ಐಪಿಸಿ 294) ಯಾವ ಅಂಗವನ್ನೂ ಹೆಸರಿಸುವುದಿಲ್ಲ. ಸಾರ್ವಜನಿಕ ಸ್ಥಳದಲ್ಲಿ ಇತರರಿಗೆ ಕಿರಿಕಿರಿಯಾಗುವಂತೆ ಅಶ್ಲೀಲ ಕೃತ್ಯವೆಸಗಿದರೆ ಮೂರು ತಿಂಗಳವರೆಗೆ ಸೆರೆವಾಸ, ಒಂದು ಸಾವಿರ ರೂಪಾಯಿವರೆಗೆ ದಂಡ ಅಥವಾ ಎರಡೂ. ಅಶ್ಲೀಲವೆಂದರೇನೆಂದು ಅದು ಹೇಳದಿರುವುದರಿಂದ ತೀರ್ಮಾನ ಮೊದಲು ಪೊಲೀಸರ, ಆಮೇಲೆ ನ್ಯಾಯಾಲಯದ ಪಾಲಾಗುತ್ತದೆ. ನನ್ನ ದೃಷ್ಟಿಯಲ್ಲಿ ಇದು ಈ ಸೆಕ್ಷನ್ನಿನ ದೊಡ್ಡ ದೌರ್ಬಲ್ಯ. ನಗ್ನತೆಯೊಂದೇ ಅಶ್ಲೀಲವಾಗದು, ಸಂದರ್ಭವನ್ನೂ ಸಮಕಾಲೀನ ಸಮಾಜದ ಅಳತೆಗೋಲನ್ನೂ ನೋಡಬೇಕೆಂದು ಸುಪ್ರೀಂ ಕೋರ್ಟ್ 2014ರಲ್ಲಿ ಅವೀಕ್ ಸರ್ಕಾರ್ ಪ್ರಕರಣದಲ್ಲಿ ಹೇಳಿತು. ಆದರೆ ಅದು ಪತ್ರಿಕೆಯಲ್ಲಿ ಅಚ್ಚಾದ ಚಿತ್ರದ ಪ್ರಶ್ನೆಯಾಗಿತ್ತು. ಮೈಸೂರಿನ ರಸ್ತೆಯಲ್ಲಿ ಹೀಗೆ ನಿಂತವರ ಮೇಲೆ ಪ್ರಕರಣ ದಾಖಲಾಗುವುದು ಬಹುತೇಕ ಖಚಿತ, ಠಾಣೆಯಲ್ಲೇ ಜಾಮೀನು ಸಿಗಬಹುದು, ಶಿಕ್ಷೆಯಾಗುವುದು ಮಾತ್ರ ಕಿರಿಕಿರಿ ಮತ್ತು ಅಶ್ಲೀಲತೆ ಎರಡೂ ಸಾಬೀತಾದರೆ.