ಪುಸ್ತಕ ಓದಿ ಕರಾಟೆ, ಕುಸ್ತಿ ಕಲಿಯಬಹುದಾ?

ಪಾವಗಡದ ಕಡೆಯ ಹಳ್ಳಿಯಲ್ಲಿದ್ದೀರಿ, ಕರಾಟೆ ಕ್ಲಾಸಿಗೆ ಅಂತ ದಿನಾ ತುಮಕೂರಿಗೆ ಬಂದು ಹೋಗುವುದು ಆಗದ ಮಾತು, ಪುಸ್ತಕ ನೋಡಿ ಕಲಿತರೆ ಸಾಲದೇ ಎಂದು ಕೇಳಿದ್ದೀರಿ. ಸ್ವಲ್ಪ ದೂರ ಹೋಗಬಹುದು, ಪೂರ್ತಿ ಆಗಲ್ಲ.

ಕರಾಟೆಯ ಕಟಾ ತೆಗೆದುಕೊಳ್ಳಿ. ಒಬ್ಬರೇ ಒಂದು ಕ್ರಮದಲ್ಲಿ ಮಾಡುವ ಹೊಡೆತ, ತಡೆಗಳ ಸಾಲು ಅದು. ಕಾಲು ಎಲ್ಲಿ, ಕೈ ಎಲ್ಲಿ ಅನ್ನುವುದನ್ನು ಚಿತ್ರ ನೋಡಿ ಬಾಯಿಪಾಠ ಮಾಡಬಹುದು. ಆದರೆ ಗುದ್ದಿಗೆ ಬಲ ಬರುವುದು ಸೊಂಟ ತಿರುಗುವುದರಿಂದ. ಅದು ಎರಡು ಫೋಟೋಗಳ ನಡುವೆ ನಡೆದುಹೋಗಿರುತ್ತದೆ! ನಿಮ್ಮ ಸೊಂಟ ತಡವಾಗಿ ತಿರುಗಿದ್ದು ನಿಮಗೇ ಗೊತ್ತಾಗುವುದಿಲ್ಲ. ತಪ್ಪು ಹಾಗೇ ಅಭ್ಯಾಸವಾದರೆ ಆಮೇಲೆ ಬಿಡಿಸುವುದು ಹೊಸದಾಗಿ ಕಲಿಸುವುದಕ್ಕಿಂತ ಕಷ್ಟ.

ಕುಸ್ತಿ, ಜೂಡೋ ಅಂತೂ ಪುಸ್ತಕಕ್ಕೆ ಬಗ್ಗುವುದೇ ಇಲ್ಲ. ಎದುರಾಳಿಯ ಭಾರ ಯಾವ ಕಾಲಿನ ಮೇಲಿದೆ ಅನ್ನುವುದು ಕೈಹಿಡಿತದಲ್ಲೇ ತಿಳಿಯಬೇಕು. 12ನೇ ಶತಮಾನದಲ್ಲೇ ಕಲ್ಯಾಣ ಚಾಲುಕ್ಯರ ಮೂರನೇ ಸೋಮೇಶ್ವರ ‘ಮಾನಸೋಲ್ಲಾಸ’ದಲ್ಲಿ ಮಲ್ಲರ ಊಟ, ಸಾಮು ಎಲ್ಲ ಬರೆದಿದ್ದಾನೆ. ಹಾಗಂತ ಅದನ್ನು ಓದಿಯೇ ಯಾರಾದರೂ ಪೈಲ್ವಾನ್ ಆದರು ಅಂದರೆ ನಾನು ನಂಬಲ್ಲ. ಗರಡಿಯ ಮಣ್ಣಿಗೆ ಇಳಿಯಲೇಬೇಕು.

ದಂಡ, ಬಸ್ಕಿ ಈಗಲೇ ಶುರು ಮಾಡಿ, ಅದಕ್ಕೆ ಪುಸ್ತಕ ಸಾಕು. ಕಟಾ ಮಾಡುವಾಗ ಮೊಬೈಲಿನಲ್ಲಿ ಬದಿಯಿಂದ ವಿಡಿಯೊ ಮಾಡಿಕೊಳ್ಳಿ. ತಿಂಗಳಿಗೊಂದು ಭಾನುವಾರವಾದರೂ ತುಮಕೂರಿಗೆ ಬಂದು ಮೇಷ್ಟ್ರಿಗೆ ತೋರಿಸಿ, ಅವರು ತಿದ್ದಿದ್ದನ್ನು ಮನೆಯಲ್ಲಿ ತಿಂಗಳಿಡೀ ಮಾಡಿ. ಎತ್ತಿ ಹಾಕುವ ಪಟ್ಟುಗಳನ್ನು ಮಾತ್ರ ಗೆಳೆಯರ ಮೇಲೆ ಸುಮ್ನೆ ಪ್ರಯೋಗ ಮಾಡಬೇಡಿ. ಜೂಡೋದಲ್ಲಿ ಬೀಳಿಸುವುದಕ್ಕೆ ಮೊದಲು, ಪೆಟ್ಟಾಗದಂತೆ ಬೀಳುವುದನ್ನು ಕಲಿಸುತ್ತಾರೆ.