‘ಚೆನ್ನಾಗಿದ್ದೇನೆ’ ಎನ್ನುವ ಗೆಳತಿಯ ಮುಚ್ಚಿದ ಬಾಗಿಲು

ಪ್ರಶ್ನೆ: ನಾನು ಧಾರವಾಡದವಳು, ಸ್ವೀಡನ್ನಿನ ಉಪ್ಸಾಲದಲ್ಲಿ ಸ್ನಾತಕೋತ್ತರ ಪದವಿ ಓದುತ್ತಿದ್ದೇನೆ. ನಮ್ಮ ಹಾಸ್ಟೆಲಿನ ಕಾರಿಡಾರಿನಲ್ಲಿ ಹತ್ತು ಕೋಣೆಗಳಿಗೆ ಒಂದೇ ಅಡುಗೆಮನೆ. ಆಗಸ್ಟ್ ಕೊನೆಯಲ್ಲಿ ಫಿಲಿಪ್ಪೀನ್ಸಿನ ಲಗುನಾ ಪ್ರಾಂತ್ಯದ ಹುಡುಗಿಯೊಬ್ಬಳು ಒಂದು ಸೆಮಿಸ್ಟರಿನ ವಿನಿಮಯ ವಿದ್ಯಾರ್ಥಿನಿಯಾಗಿ ಪಕ್ಕದ ಕೋಣೆಗೆ ಬಂದಳು. ನನ್ನನ್ನು ‘ಆತೆ’, ಅಂದರೆ ಅಕ್ಕ, ಎಂದು ಕರೆಯುತ್ತಾಳೆ. ಮೊದಲ ತಿಂಗಳು ತಾನು ಮಾಡಿದ್ದನ್ನು ಎಲ್ಲರಿಗೂ ಬಡಿಸಿಯೇ ಉಣ್ಣುತ್ತಿದ್ದವಳು ಈಗ ನವೆಂಬರಿನಲ್ಲಿ ಬೆಳಗಿನ ತರಗತಿಗೆ ಹೋಗುತ್ತಿಲ್ಲ. ಎಲ್ಲರೂ ಮಲಗಿದ ಮೇಲೆ ಅನ್ನ ಬೇಯಿಸಿ, ಒಂದೇ ತಟ್ಟೆ ಹಿಡಿದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾಳೆ. ಕೇಳಿದರೆ ‘ಓಕೆ ಲಂಗ್’ ಎನ್ನುತ್ತಾಳೆ. ಕಳೆದ ವಾರ ಅತ್ತು, ಒಂದು ಪರೀಕ್ಷೆಯಲ್ಲಿ ನಪಾಸಾಗಿರುವುದನ್ನೂ ಕ್ರಿಸ್‌ಮಸ್‌ಗೆ ಮುಂಚೆಯೇ ಊರಿಗೆ ಹೋಗಿಬಿಡಬೇಕು ಎನಿಸುವುದನ್ನೂ ಹೇಳಿಕೊಂಡಳು. ಅವಳ ವಿಮಾನದ ಟಿಕೆಟ್ಟಿನ ಹಣ ಸೌದಿಯಲ್ಲಿ ನರ್ಸ್ ಆಗಿರುವ ಚಿಕ್ಕಮ್ಮ ಕೊಟ್ಟದ್ದು. ಯಾರಿಗೂ ಹೇಳಬೇಡ ಎಂದು ನನ್ನಿಂದ ಮಾತು ತೆಗೆದುಕೊಂಡಿದ್ದಾಳೆ. ಈಗ ಅವಳ ಅಕ್ಕ ‘ತಂಗಿ ನಿಜಕ್ಕೂ ಹೇಗಿದ್ದಾಳೆ?’ ಎಂದು ನನಗೆ ಸಂದೇಶ ಕಳಿಸಿದ್ದಾರೆ. ಏನೆಂದು ಉತ್ತರಿಸಲಿ?

ಉತ್ತರ: ಅಕ್ಕನಿಗೆ ಸುಳ್ಳು ಹೇಳಬೇಡಿ, ಗೆಳತಿಯ ಗುಟ್ಟನ್ನೂ ಬಿಟ್ಟುಕೊಡಬೇಡಿ. ‘ಅವಳಿಗೆ ಮನೆಯವರ ನೆನಪು ತುಂಬ ಕಾಡುತ್ತಿದೆ, ಉಳಿದದ್ದನ್ನು ಅವಳ ಬಾಯಿಂದಲೇ ಕೇಳಿದರೆ ಒಳ್ಳೆಯದು, ನಾನು ಪಕ್ಕದಲ್ಲೇ ಇದ್ದೇನೆ’ ಎಂದಷ್ಟೇ ಬರೆಯಿರಿ. ಆದರೆ ಅದನ್ನು ಕಳಿಸುವ ಮುನ್ನ, ಅಕ್ಕ ಹೀಗೆ ಕೇಳಿದ್ದಾರೆ, ನಾನು ಹೀಗೆ ಉತ್ತರಿಸಲಿದ್ದೇನೆ ಎಂದು ಗೆಳತಿಗೆ ತೋರಿಸಿ. ತನ್ನ ಬೆನ್ನ ಹಿಂದೆ ಏನೂ ನಡೆಯುತ್ತಿಲ್ಲ ಎಂಬ ಭರವಸೆ ಈಗ ಅವಳಿಗೆ ಬಹಳ ಮುಖ್ಯ.

ಒಂದು ವಿಷಯದಲ್ಲಿ ಮಾತ್ರ ಯಾವ ಮಾತಿಗೂ ನೀವು ಕಟ್ಟುಬೀಳಬೇಕಿಲ್ಲ. ಬದುಕುವುದೇ ಬೇಡ ಎಂಬರ್ಥದ ಮಾತು ಅವಳಿಂದ ಬಂದರೆ, ಅಥವಾ ಊಟ ನಿದ್ರೆಗಳನ್ನು ಪೂರ್ತಿ ಬಿಟ್ಟರೆ, ಆ ಗಳಿಗೆಯಲ್ಲೇ 112ಕ್ಕೆ ಕರೆ ಮಾಡಿ, ಅವಳೊಬ್ಬಳನ್ನೇ ಬಿಡಬೇಡಿ. ಈ ಮಿತಿಯನ್ನು ಅವಳಿಗೆ ಇವತ್ತೇ ಪ್ರೀತಿಯಿಂದ ತಿಳಿಸಿಬಿಡಿ. ನಿಮ್ಮ ಪತ್ರದಲ್ಲಿ ಅಂಥ ಸುಳಿವು ನನಗೆ ಕಾಣಲಿಲ್ಲವಾದರೂ, ಕಂಡೇ ಬಿಟ್ಟರೆ ಏನು ಮಾಡಬೇಕು ಎಂದು ಆಗ ಯೋಚಿಸುತ್ತ ಕೂರುವಂತಾಗಬಾರದು.

ಇನ್ನು ಆ ‘ಓಕೆ ಲಂಗ್’. ಟಗಾಲೊಗ್ ಭಾಷೆಯ ‘ಲಂಗ್’ ಎಂದರೆ ‘ಅಷ್ಟೇ’. ನಮ್ಮ ‘ಪರವಾಗಿಲ್ಲ’ದ ಹಾಗೆ, ಚೆನ್ನಾಗಿರುವಾಗಲೂ ಚೆನ್ನಾಗಿಲ್ಲದಿರುವಾಗಲೂ ಒದಗಿಬರುವ ಮಾತು ಅದು. ಅದರ ಹಿಂದೆ ಅವರು ‘ಹಿಯಾ’ ಎಂದು ಕರೆಯುವ ಸಂಕೋಚವಿದೆ: ಇನ್ನೊಬ್ಬರಿಗೆ ಹೊರೆಯಾದೆನಲ್ಲ, ನಾಲ್ಕು ಜನರ ಮುಂದೆ ಸಣ್ಣವಳಾದೆನಲ್ಲ ಎಂಬ ಕುಗ್ಗು. ಅದರ ಜೊತೆಗೆ ‘ಉತಾಂಗ್ ನಾ ಲೋಬ್’, ಅಂದರೆ ಮನಸ್ಸಿನೊಳಗಿನ ಸಾಲ; ಕನ್ನಡದ ‘ಋಣ’ ಎಂಬ ಪದ ಅದಕ್ಕೆ ಎಷ್ಟು ಚೆನ್ನಾಗಿ ಹೊಂದುತ್ತದೆಂದರೆ ನಿಮಗೆ ಹೆಚ್ಚು ವಿವರಿಸಬೇಕಾಗಿಲ್ಲ. ಗಲ್ಫಿನಲ್ಲಿ ನರ್ಸ್ ಆಗಿ ದುಡಿಯುವ ಚಿಕ್ಕಮ್ಮನೋ ಅಕ್ಕನೋ ಕಳಿಸಿದ ಹಣದಲ್ಲಿ ಓದಿದ ಮಕ್ಕಳು ನಮ್ಮ ಕರಾವಳಿಯಲ್ಲೂ ಬೇಕಾದಷ್ಟಿದ್ದಾರೆ. ಆ ಹಣದಲ್ಲಿ ಸ್ವೀಡನ್ನಿಗೆ ಬಂದು ಪರೀಕ್ಷೆಯಲ್ಲಿ ಸೋತವಳಿಗೆ ನೋಯುತ್ತಿರುವುದು ಬರೀ ಅಂಕಗಳ ವಿಷಯವಲ್ಲ, ಚಿಕ್ಕಮ್ಮನ ರಾತ್ರಿ ಪಾಳಿಗಳನ್ನೇ ವ್ಯರ್ಥ ಮಾಡಿದೆ ಎಂಬ ಸಂಕಟ.

ಆದ್ದರಿಂದ ‘ನಿನಗೇನು ಸಹಾಯ ಬೇಕು?’ ಎಂದು ಮತ್ತೆ ಮತ್ತೆ ಕೇಳುವುದನ್ನು ನಿಲ್ಲಿಸಿ. ನೀವು ಹಾಗೆ ಕೇಳಿದಷ್ಟೂ ಅವಳ ಸಾಲದ ಪಟ್ಟಿಗೆ ಇನ್ನೊಂದು ಸಾಲು ಸೇರುತ್ತದೆ. ಮೊದಲ ತಿಂಗಳು ಎಲ್ಲರಿಗೂ ಬಡಿಸುತ್ತಿದ್ದವಳು ಅವಳು ಎಂದು ನೀವೇ ಬರೆದಿದ್ದೀರಿ, ಮತ್ತು ನನಗೆ ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಮುಖ್ಯವಾಗಿ ಕಂಡ ಸಾಲು ಅದೇ. ಅವಳು ಮತ್ತೆ ಕೊಡುವವಳಾಗಲು ದಾರಿ ಮಾಡಿ. ಅವರ ಸಿನಿಗಾಂಗ್ ಎಂಬ ಹುಳಿಸಾರಿಗೆ ಹುಣಸೆಯೇ ಆಧಾರ, ನಿಮ್ಮ ಕಪಾಟಿನಲ್ಲೂ ಹುಣಸೆಹಣ್ಣು ಇದ್ದೇ ಇರುತ್ತದೆ. ಅದನ್ನು ಹಿಡಿದು ಹೋಗಿ ಬಾಗಿಲು ತಟ್ಟಿ, ‘ನನಗೆ ಸಿನಿಗಾಂಗ್ ಮಾಡುವುದನ್ನು ಕಲಿಸಿಕೊಡು’ ಎನ್ನಿ. ಅವರ ಊರಿನಲ್ಲಿ ‘ಕುಮಾಯಿನ್ ಕಾ ನಾ ಬಾ?’ ಎಂದು ಕೇಳಿ ಮಾತು ಶುರುಮಾಡುವ ವಾಡಿಕೆಯಿದೆ, ‘ಊಟ ಆಯ್ತಾ?’ ಎಂದೇ ಅದರ ಅರ್ಥ. ಕಾರಿಡಾರಿನಲ್ಲಿ ಆ ಪ್ರಶ್ನೆಯನ್ನು ಮನೆಯವರ ಹಾಗೆ ಕೇಳಬಲ್ಲವರು ನೀವೊಬ್ಬರೇ ಇರಬಹುದು.

ಅವಳ ಗಡಿಯಾರವನ್ನೂ ಸ್ವಲ್ಪ ನೋಡಿ. ಅಕ್ಟೋಬರ್ ಕೊನೆಯಲ್ಲಿ ಸ್ವೀಡನ್ನಿನಲ್ಲಿ ಗಡಿಯಾರ ಹಿಂದೆ ಸರಿದ ಮೇಲೆ ಫಿಲಿಪ್ಪೀನ್ಸಿಗೂ ಅಲ್ಲಿಗೂ ಏಳು ಗಂಟೆಗಳ ಅಂತರ. ನಿಮ್ಮಲ್ಲಿ ರಾತ್ರಿ ಹನ್ನೊಂದಾದಾಗ ಅವಳ ಮನೆಯವರು ಬೆಳಗಿನ ಆರಕ್ಕೆ ಏಳುತ್ತಿರುತ್ತಾರೆ. ಮನೆ ಎಚ್ಚರಗೊಳ್ಳುವುದನ್ನೇ ಕಾಯುತ್ತ, ಮಾತಾಡುತ್ತ ಒಂದೆರಡು ಗಂಟೆಯವರೆಗೆ ಕೂತರೆ ಬೆಳಗಿನ ತರಗತಿ ತಪ್ಪದೆ ಇನ್ನೇನಾದೀತು? ನವೆಂಬರ್ ನಡುವಿನಲ್ಲಿ ಉಪ್ಸಾಲದ ಹಗಲು ಮಧ್ಯಾಹ್ನ ಮೂರೂವರೆಯೊಳಗೆ ಮುಗಿಯುತ್ತದೆ, ಡಿಸೆಂಬರಿನಲ್ಲಿ ಮೂರನ್ನೂ ಮುಟ್ಟುವುದಿಲ್ಲ. ತಡವಾಗಿ ಏಳುವವಳಿಗೆ ಬೆಳಕೆಂಬುದೇ ಸಿಗುವುದಿಲ್ಲ. ವರ್ಷವಿಡೀ ಸುಮಾರು ಹನ್ನೆರಡು ಗಂಟೆಯ ಹಗಲು ಕಂಡು ಬೆಳೆದ ದೇಹ ಇದಕ್ಕೆ ಮಂಕಾಗುವುದು ಅವಳ ತಪ್ಪಲ್ಲ. ಮನೆಗೆ ಕರೆ ಮಾಡುವುದನ್ನು ಮಧ್ಯಾಹ್ನ ಒಂದಕ್ಕೆ ಬದಲಾಯಿಸಿಕೊಳ್ಳಲು ಹೇಳಿ. ಆಗ ಅಲ್ಲಿ ರಾತ್ರಿ ಎಂಟು, ಎಲ್ಲರೂ ಮನೆಯಲ್ಲಿರುವ ಹೊತ್ತು. ಬೆಳಿಗ್ಗೆ ಬೆಳಕು ಹರಿದೊಡನೆ ಅರ್ಧ ಗಂಟೆ ಅವಳನ್ನು ಜೊತೆಗೆ ನಡೆಯಲು ಕರೆದೊಯ್ಯಿರಿ.

ಪರೀಕ್ಷೆಯ ವಿಷಯ ನನಗೆ ಅಷ್ಟು ದೊಡ್ಡದಾಗಿ ಕಾಣುವುದಿಲ್ಲ. ಸ್ವೀಡನ್ನಿನಲ್ಲಿ ಒಂದಾದ ಮೇಲೊಂದು ಕೋರ್ಸ್ ಮುಗಿಸುತ್ತ ಹೋಗುವುದು ವಾಡಿಕೆ, ಮೊದಲ ಸಲ ಪಾಸಾಗದವರಿಗೆ ‘ಓಮ್‌ತೆಂತಾ’ ಎಂಬ ಮರುಪರೀಕ್ಷೆ ಇದ್ದೇ ಇರುತ್ತದೆ. ಅದನ್ನು ಅಲ್ಲಿ ಯಾರೂ ಅವಮಾನವೆಂದು ಎಣಿಸುವುದಿಲ್ಲ. ಕಷ್ಟವಿರುವುದು ಕೇಳುವುದರಲ್ಲಿ. 1960ರ ದಶಕದ ಕೊನೆಯಿಂದ ಸ್ವೀಡನ್ನಿನಲ್ಲಿ ಪ್ರಾಧ್ಯಾಪಕರನ್ನೂ ಹೆಸರು ಹಿಡಿದು ಏಕವಚನದಲ್ಲೇ ಮಾತಾಡಿಸುವ ರೂಢಿ ನೆಲೆಸಿದೆ. ‘ಸರ್’, ‘ಮ್ಯಾಮ್’ ಎನ್ನುತ್ತ, ಮಾತಿಗೊಂದು ‘ಪೋ’ ಎಂಬ ಗೌರವದ ನುಡಿ ಸೇರಿಸುತ್ತ ಬೆಳೆದವಳಿಗೆ ಆ ಸಲುಗೆಯೇ ಬಾಯಿ ಕಟ್ಟಿಸುತ್ತದೆ. ನಾನು ಓದಲು ಪರದೇಶಕ್ಕೆ ಹೋಗಿದ್ದಾಗ, ಗುರುಗಳೊಬ್ಬರ ಹೆಸರು ಹಿಡಿದು ಪತ್ರ ಬರೆಯಲಾರದೆ ಮೂರು ವಾರ ಕಳೆದಿದ್ದೆ. ನಿಮಗೂ ಅಂಥದ್ದೊಂದು ನೆನಪಿರಬೇಕು, ಅದನ್ನು ಅವಳಿಗೆ ಹೇಳಿ. ಆಮೇಲೆ ಇಬ್ಬರೂ ಕೂತು, ವಿನಿಮಯ ವಿದ್ಯಾರ್ಥಿಗಳ ಸಂಯೋಜಕರಿಗೆ ಮರುಪರೀಕ್ಷೆಯ ದಿನ ಕೇಳುವ ನಾಲ್ಕು ಸಾಲಿನ ಇಮೇಲ್ ಬರೆಯಿರಿ. ಬೆರಳು ಅವಳದೇ ಇರಲಿ, ನೀವು ಪಕ್ಕದ ಕುರ್ಚಿಯಲ್ಲಿರಿ. ವಿದ್ಯಾರ್ಥಿಗಳ ಆರೋಗ್ಯ ಸೇವೆಯಾದ ‘ಸ್ಟುಡೆಂಟ್‌ಹೆಲ್ಸನ್’ನಲ್ಲಿ ಸಲಹೆಗಾರರನ್ನು ಕಾಣಲೂ ಹೀಗೆಯೇ ಜೊತೆಗೆ ಹೋಗಿ, ಹೊರಗೆ ಕಾಯಿರಿ.

ಇಷ್ಟೆಲ್ಲ ಆದ ಮೇಲೂ ಅವಳು ಹೋಗಲೇಬೇಕು ಎಂದರೆ ತಡೆಯಬೇಡಿ. ಆದರೆ ಆ ತೀರ್ಮಾನ ರಾತ್ರಿ ಎರಡು ಗಂಟೆಗೆ ಆಗುವುದು ಬೇಡ, ಮನೆಯವರ ಜೊತೆಗೂ ಸಂಯೋಜಕರ ಜೊತೆಗೂ ಮಾತಾಡಿದ ಮೇಲೆ ಹಗಲಿನಲ್ಲಿ ಆಗಲಿ.

ಡಿಸೆಂಬರ್ ಅವಳಿಗೆ ಕಠಿಣವಾಗಿರುತ್ತದೆ, ಅದನ್ನು ಮರೆಮಾಚಬೇಕಿಲ್ಲ. ಫಿಲಿಪ್ಪೀನ್ಸಿನಲ್ಲಿ ಕ್ರಿಸ್‌ಮಸ್ ಸಡಗರ ಸೆಪ್ಟೆಂಬರಿನಲ್ಲೇ ಶುರುವಾಗುತ್ತದೆ. ಡಿಸೆಂಬರ್ 16ರಿಂದ 24ರವರೆಗೆ ಒಂಬತ್ತು ದಿನ ನಸುಕಿನಲ್ಲೆದ್ದು ‘ಸಿಂಬಾಂಗ್ ಗಾಬಿ’ ಪೂಜೆಗೆ ಹೋಗುತ್ತಾರೆ, ಚರ್ಚಿನ ಹೊರಗೆ ಕೆಂಡದ ಮೇಲೆ ಬೇಯುವ ಬಿಬಿಂಕಾ ಎಂಬ ಅಕ್ಕಿಯ ಕಡುಬು ತಿಂದು ಮನೆಗೆ ಬರುತ್ತಾರೆ. ಉಪ್ಸಾಲದಲ್ಲಿ ಸಂತ ಲಾರ್ಸ್ ಎಂಬ ಕ್ಯಾಥೊಲಿಕ್ ಚರ್ಚಿದೆ, ಅವಳಿಗೆ ಮನಸ್ಸಿದ್ದರೆ ಒಂದು ಭಾನುವಾರ ನೀವೂ ಜೊತೆಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತಿರಿ. ಅವರ ‘ಪಾರೊಲ್’ ನಿಮ್ಮ ಧಾರವಾಡದ ಆಕಾಶಬುಟ್ಟಿಯ ಹಾಗೆಯೇ ಬಿದಿರು ಕಡ್ಡಿಗೆ ಬಣ್ಣದ ಕಾಗದ ಅಂಟಿಸಿ ಮಾಡುವ ಗೂಡುದೀಪ, ಆಕಾರ ಮಾತ್ರ ನಕ್ಷತ್ರದ್ದು. ಸ್ವೀಡನ್ನಿನವರೂ ಆ ತಿಂಗಳು ಕಿಟಕಿಗಳಲ್ಲಿ ಕಾಗದದ ನಕ್ಷತ್ರ ತೂಗಿಬಿಡುತ್ತಾರೆ. ಕಡ್ಡಿ, ಕಾಗದ, ಅಂಟು ತಂದು ಅಡುಗೆಮನೆಯ ಮೇಜಿನ ಮೇಲಿಡಿ. ಕಡ್ಡಿ ಕಟ್ಟುವುದನ್ನು ನೀವು ತೋರಿಸಿ, ನಕ್ಷತ್ರದ ಐದು ಮೂಲೆಗಳನ್ನು ಕೂಡಿಸುವುದು ಹೇಗೆಂದು ಅವಳು ತೋರಿಸಲಿ.