ಹೊಗೆ ಇಲ್ಲ, ಸರಿ. ಜಮೀನು ಯಾರ ಹೆಸರಲ್ಲಿ?

ದೇವಸೂಗೂರಿನ ಓದುಗರೊಬ್ಬರ ಪತ್ರ, ಚಿಕ್ಕದಾಗಿ: "ಶಕ್ತಿನಗರದ ಬೂದಿ ಕುಡಿದು ಸಾಕಾಗಿದೆ. ಭೂಮಿಯೊಳಗಿನ ಬಿಸಿಯಿಂದ ಕರೆಂಟ್ ತೆಗೀತಾರಂತೆ. ಕಲ್ಲಿದ್ದಲು ಬೇಡ, ಬೂದಿ ಇಲ್ಲ. ರಾಯಚೂರಿನಷ್ಟು ಬಿಸಿ ಇರೋ ಊರು ಬೇರೆ ಎಲ್ಲಿದೆ? ಇಲ್ಲಿಗೆ ಯಾಕೆ ತರಬಾರದು? ಅದು ಬಂದ ಕಡೆ ಊರಿನವರಿಗೆ ಏನು ಸಿಕ್ಕಿದೆ? ಐಟಿಐ ಮುಗಿಸಿದ ನನ್ನ ಮಗನಂಥವರಿಗೆ ಕೆಲಸ ಸಿಗುತ್ತಾ?"

ನಮಸ್ಕಾರ ಯಜಮಾನ್ರೇ,

ಬೂದಿ ಬಗ್ಗೆ ನಿಮಗೆ ನಾನೇನು ಹೇಳಲಿ? 1985ರಿಂದ ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ ಕಲ್ಲಿದ್ದಲು ಉರಿಯುತ್ತಿದೆ, ಈಗ 1,720 ಮೆಗಾವಾಟ್ ಆಗಿದೆ, ಒಣಹಾಕಿದ ಬಟ್ಟೆಯನ್ನು ಒದರಿಯೇ ಒಳಗೆ ತರಬೇಕು. ನಿಮ್ಮ ಆಸೆ ನ್ಯಾಯವಾದದ್ದೇ. ಆದರೆ ರಾಯಚೂರಿನ ಬಿಸಿಯೆಲ್ಲಾ ನೆತ್ತಿ ಮೇಲಿನದು. ಕಾಲ ಕೆಳಗಿನ ಬಂಡೆ ತಣ್ಣಗಿದೆ. ಇನ್ನೂರೈವತ್ತು ಕೋಟಿ ವರ್ಷಕ್ಕೂ ಹಳೆಯ ಕಲ್ಲು ಅದು, ಕಾವು ಆರಿ ಯಾವ ಕಾಲವಾಯಿತೋ. ಸಾಮಾನ್ಯವಾಗಿ ಭೂಮಿಯೊಳಗೆ ಒಂದು ಕಿಲೋಮೀಟರ್ ಇಳಿದರೆ 25ರಿಂದ 30 ಡಿಗ್ರಿ ಬಿಸಿ ಏರುತ್ತದೆ. ನಮ್ಮ ಕಡೆ ಅದರ ಅರ್ಧದಷ್ಟು ಏರಿದರೆ ಹೆಚ್ಚು. ಕೆಜಿಎಫ್ ಗಣಿ 3 ಕಿಲೋಮೀಟರಿಗಿಂತ ಆಳಕ್ಕೆ ಹೋಗಿತ್ತು. ಅಷ್ಟು ಕೆಳಗೂ ಬಂಡೆಯ ಬಿಸಿ 65 ಡಿಗ್ರಿ ಆಸುಪಾಸು ಅಷ್ಟೇ. ಒಳಗೆ ಇಳಿದ ಕಾರ್ಮಿಕನಿಗೆ ಅದು ನರಕ, ಹಬೆಯ ಟರ್ಬೈನಿಗೆ ಮಾತ್ರ ಸಾಲದು.

ಕಡಿಮೆ ಬಿಸಿಯಲ್ಲೂ ನಡೆಯುವ ಯಂತ್ರಗಳಿವೆ. ಬೇಗ ಕುದಿಯುವ ಬೇರೊಂದು ದ್ರವವನ್ನು ಭೂಮಿಯೊಳಗಿನ ಬಿಸಿನೀರಿನಿಂದ ಕಾಯಿಸಿ, ಅದರ ಆವಿಯಿಂದ ಟರ್ಬೈನ್ ತಿರುಗಿಸುತ್ತಾರೆ. ನಮ್ಮ ಪಕ್ಕದ ತೆಲಂಗಾಣದ ಮಣುಗೂರಿನಲ್ಲಿ ಸಿಂಗರೇಣಿ ಕಲ್ಲಿದ್ದಲು ಕಂಪನಿಯವರು ಹಾಕಿದ ಪ್ರಯೋಗದ ಘಟಕ ಇಂಥದ್ದೇ. ಎಷ್ಟು ಗೊತ್ತಾ? 20 ಕಿಲೋವಾಟ್. ಊರಿನ ಎರಡು ಹಿಟ್ಟಿನ ಗಿರಣಿ ನಡೆಯುವಷ್ಟು. ದೇಶದಲ್ಲಿ 381 ಬಿಸಿನೀರ ಬುಗ್ಗೆಗಳನ್ನು ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ಗುರುತಿಸಿದೆ, 2025ರಲ್ಲಿ ಕೇಂದ್ರ ಸರ್ಕಾರ ಇದಕ್ಕೆಂದೇ ಒಂದು ನೀತಿಯನ್ನೂ ತಂದಿದೆ. ಆದರೆ ದೊಡ್ಡ ಆಸೆ ಇರುವುದು ಹಿಮಾಲಯದ ಕಡೆ, ಲಡಾಖ್‌ನ ಪುಗಾ ಕಣಿವೆಯಂಥ ಜಾಗದಲ್ಲಿ. ಅಲ್ಲೂ 2022ರಲ್ಲಿ ಕೊರೆಯುವಾಗ ಬಾವಿಯ ದ್ರವ ಹೊರಬಂದು ಹಳ್ಳಕ್ಕೆ ಸೇರಿತು. ಚಾಂಗ್ಪಾ ಕುರಿಗಾಹಿಗಳು ಪಶ್ಮಿನಾ ಮೇಕೆ ಮೇಯಿಸುವ ಕಣಿವೆ ಅದು.

ಈಗ ನಿಮ್ಮ ಇನ್ನೊಂದು ಪ್ರಶ್ನೆಗೆ ಬರುತ್ತೇನೆ: ಅದು ಬಂದ ಕಡೆ ಊರಿನವರಿಗೆ ಏನು ಸಿಕ್ಕಿದೆ? ಅಸಲಿ ಪ್ರಶ್ನೆ ಅದೇ, ಅಲ್ವಾ?

ಕೆನ್ಯಾ ದೇಶದ ಕರೆಂಟಿನಲ್ಲಿ ಶೇ 40ಕ್ಕೂ ಹೆಚ್ಚು ಭೂಮಿಯ ಬಿಸಿಯಿಂದಲೇ ಬರುತ್ತದೆ. ಒಲ್ಕಾರಿಯಾ ಅನ್ನೋ ಕಡೆ 1981ರಿಂದ ಘಟಕಗಳಿವೆ. ಅದು ಮಸಾಯಿ ದನಗಾಹಿಗಳ ಸೀಮೆ. ನಾಲ್ಕನೇ ಘಟಕಕ್ಕಾಗಿ 2014ರಲ್ಲಿ ನಾಲ್ಕು ಹಳ್ಳಿಯವರನ್ನು ಎಬ್ಬಿಸಿ ಬೇರೆ ಕಡೆ ಕೂರಿಸಿದರು. ಹೊಸ ಮನೆ ಕೊಟ್ಟರು, ಶಾಲೆ ಕಟ್ಟಿದರು, ಇಲ್ಲ ಅನ್ನಲ್ಲ. ಆದರೆ ಕೆಲವರ ಹೆಸರೇ ಪಟ್ಟಿಯಲ್ಲಿ ಇರಲಿಲ್ಲ, ರಸ್ತೆ ಸರಿ ಇರಲಿಲ್ಲ, ಜಮೀನಿನ ಹಕ್ಕುಪತ್ರ ಕೈಗೆ ಬರಲು ತಡವಾಯಿತು. ಜನ ಸಾಲ ಕೊಟ್ಟ ವಿಶ್ವಬ್ಯಾಂಕಿನ ತನಕ ದೂರು ಒಯ್ದರು, ಕೊನೆಗೆ ಮಧ್ಯಸ್ಥಿಕೆ ನಡೆದು 2016ರಲ್ಲಿ ಒಪ್ಪಂದವಾಯಿತು. ಓದುತ್ತಾ ನಿಮಗೂ ಕಾರ್ಖಾನೆಗಳಿಗೆ ಜಮೀನು ಬಿಟ್ಟುಕೊಟ್ಟ ಬಳ್ಳಾರಿಯ ಕುಡತಿನಿ ನೆನಪಾಗಿರಬೇಕು.

ನ್ಯೂಜಿಲೆಂಡಿನಲ್ಲಿ ಇದರ ಎರಡೂ ಮುಖ ಕಾಣುತ್ತವೆ. ವೈರಾಕೆಯಲ್ಲಿ 1958ರಲ್ಲಿ ವಿದ್ಯುತ್ ಶುರುವಾಯಿತು. ಒಳಗಿನಿಂದ ತೆಗೆದ ನೀರನ್ನು ಮತ್ತೆ ಒಳಗೆ ಬಿಡದೆ, ಆರ್ಸೆನಿಕ್ ಸಮೇತ ನದಿಗೆ ಹರಿಸಿದರು. ಅಲ್ಲಿನ ಚಿಮ್ಮುಬುಗ್ಗೆಗಳು ಬತ್ತಿದವು, ಒಂದು ಕಡೆಯಂತೂ ನೆಲ 15 ಮೀಟರ್ ತನಕ ಕುಸಿದಿದೆ. ಅಲ್ಲಿಂದ ಸ್ವಲ್ಪ ದೂರದ ಮೊಕೈಯಲ್ಲಿ ಕಥೆಯೇ ಬೇರೆ. ಅಲ್ಲಿ ಮೂಲನಿವಾಸಿಗಳಾದ ಮಾವೊರಿ ಜನ ಜಮೀನು ಮಾರಲೇ ಇಲ್ಲ. ಮಾಲೀಕರೆಲ್ಲ ಸೇರಿ ತುವಾರೊಪಾಕಿ ಅನ್ನೋ ಟ್ರಸ್ಟ್ ಮಾಡಿಕೊಂಡಿದ್ದಾರೆ, ವಿದ್ಯುತ್ ಘಟಕದಲ್ಲಿ ದೊಡ್ಡ ಪಾಲು ಅವರದೇ. ಅದೇ ಬಿಸಿಯಲ್ಲಿ ಗಾಜಿನಮನೆ ಕಾಯಿಸಿ ಟೊಮೆಟೊ, ದಪ್ಪ ಮೆಣಸಿನಕಾಯಿ ಬೆಳೆಯುತ್ತಾರೆ. ಭೂಮಿಯ ಬಿಸಿ ಎರಡೂ ಕಡೆ ಒಂದೇ. ಕಾಗದದಲ್ಲಿ ಯಾರ ಹೆಸರಿತ್ತು ಅನ್ನುವುದರಲ್ಲಿ ವ್ಯತ್ಯಾಸವಾಯಿತು.

ಅಪಾಯ ಇಲ್ಲವೇ ಇಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ದಕ್ಷಿಣ ಕೊರಿಯಾದ ಪೊಹಾಂಗ್‌ನಲ್ಲಿ 2017ರಲ್ಲಿ 5.4 ತೀವ್ರತೆಯ ಭೂಕಂಪವಾಯಿತು. ಭೂಮಿಯ ಬಿಸಿ ತೆಗೆಯಲು ಬಂಡೆಯೊಳಗೆ ಒತ್ತಡದಿಂದ ನೀರು ನುಗ್ಗಿಸಿದ್ದೇ ಅದಕ್ಕೆ ಕಾರಣ ಎಂದು ಸರ್ಕಾರದ ತಜ್ಞರ ಸಮಿತಿಯೇ 2019ರಲ್ಲಿ ಹೇಳಿತು. ಇಂಡೋನೇಷ್ಯಾದ ಸುಮಾತ್ರಾದಲ್ಲಿ 2021ರಲ್ಲಿ ಬಾವಿಯಿಂದ ವಿಷಾನಿಲ ಸೋರಿ ಐವರು ಹಳ್ಳಿಗರು ಸತ್ತರು. ಆದರೂ ಒಂದು ಮಾತು ಹೇಳಲೇಬೇಕು: ಕಲ್ಲಿದ್ದಲಿನ ಜೊತೆ ತೂಗಿದರೆ ನಾನು ಇದನ್ನೇ ಆರಿಸುತ್ತೇನೆ, ಶಕ್ತಿನಗರದ ಬೂದಿಹೊಂಡ ನೋಡಿದ ಯಾರೇ ಆದರೂ ಇದನ್ನೇ ಆರಿಸುತ್ತಾರೆ.

ನಮಗೆ ಆ ಬಿಸಿ ಇಲ್ಲ, ಬಿಸಿಲು ಗಾಳಿ ಇದೆ. ಯಲಬುರ್ಗಾ, ಕುಕನೂರು ಕಡೆ ಹೋದರೆ ಹೊಲದ ತುಂಬಾ ಗಾಳಿಯಂತ್ರ. ಸೋಲಾರ್‌ಗೆ ಜಮೀನು ಕೇಳಿಕೊಂಡು ಬರುವ ಏಜೆಂಟರಿಗೂ ಬರವಿಲ್ಲ. ಅವರ ಹತ್ತಿರ ಕೇಳಬೇಕಾದದ್ದು ಒಲ್ಕಾರಿಯಾದವರು ಕೇಳಿದ್ದನ್ನೇ. ಮಾರಾಟವೋ ಲೀಸೋ? ಪಹಣಿಯಲ್ಲಿ ಯಾರ ಹೆಸರು ಉಳಿಯುತ್ತದೆ? ಪಾವಗಡದ ಸೋಲಾರ್ ಪಾರ್ಕಿನಲ್ಲಿ ಸುಮಾರು 13,000 ಎಕರೆಯನ್ನು ರೈತರಿಂದ ಕೊಳ್ಳದೆ ಲೀಸಿಗೆ ಪಡೆದರು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5 ಏರಿಕೆ. ಜಮೀನು ರೈತರ ಹೆಸರಲ್ಲೇ ಉಳಿಯಿತು, ಅಷ್ಟರಮಟ್ಟಿಗೆ ಒಳ್ಳೆಯದೇ. ಆದರೆ ಅದೇ ಹೊಲದಲ್ಲಿ ಕಳೆ ಕೀಳುತ್ತಿದ್ದ ಕೂಲಿಯವರಿಗೆ, ಕುರಿ ಮೇಯಿಸುತ್ತಿದ್ದವರಿಗೆ ಬಾಡಿಗೆ ಎಲ್ಲಿಂದ ಬರಬೇಕು? ಪಹಣಿ ಇಲ್ಲದವರಿಗೆ ಲೀಸೂ ಇಲ್ಲ. ನಮ್ಮ ಜಿಲ್ಲೆಗಳಲ್ಲಿ ಅಂಥವರೇ ಜಾಸ್ತಿ, ಗ್ರಾಮಸಭೆಯಲ್ಲಿ ಇವರ ಪರವಾಗಿ ಯಾರೂ ಎದ್ದು ನಿಲ್ಲುವುದಿಲ್ಲ ಅನ್ನೋದೇ ನನ್ನ ಸಿಟ್ಟು.

ಮಗನ ವಿಷಯ. ಬಾವಿ ಕೊರೆಯುವಾಗ ಕೆಲಸ ತುಂಬಾ ಇರುತ್ತದೆ, ಘಟಕ ಶುರುವಾದ ಮೇಲೆ ಕೈಬೆರಳೆಣಿಕೆಯಷ್ಟು ಜನ ಸಾಕು. ಸೋಲಾರ್ ಕಥೆಯೂ ಹೆಚ್ಚು ಕಡಿಮೆ ಇದೇ, ಕಾವಲು ಮತ್ತು ಪ್ಯಾನೆಲ್ ತೊಳೆಯುವ ಕೆಲಸ ಬಿಟ್ಟರೆ. ಹುಡುಗ ಎಲೆಕ್ಟ್ರೀಷಿಯನ್ ಟ್ರೇಡ್ ಓದಿದ್ದರೆ ಗಾಳಿಯಂತ್ರ ರಿಪೇರಿ ಕಲಿಯಲಿ, ಅದಕ್ಕೆ ಕೊಪ್ಪಳ, ಗದಗ ಕಡೆ ವರ್ಷವಿಡೀ ಕೆಲಸ ಇರುತ್ತದೆ. ಯಾವ ಟ್ರೇಡ್ ಅಂತ ನೀವು ಬರೆದಿಲ್ಲ, ಮುಂದಿನ ಪತ್ರದಲ್ಲಿ ತಿಳಿಸಿ.